ಹೊರೆ ಮತ್ತು ಹೇರು

"ಗುರುಗಳೇ, ಎಲ್ಲರೂ ಒಪ್ಪಿದ ಕೆಲಸ ಏಕೆ ಕೆಡುತ್ತದೆ?"

ಶಿಷ್ಯ ಆಗ ತಾನೇ ಪಟ್ಟಣದಿಂದ ಬಂದಿದ್ದ. ಮಠದ ಬಂಡಿಯಿಂದ ಇಳಿದು, ಕಾಲು ತೊಳೆದು, ನೇರವಾಗಿ ಗುರುವಿನ ಬಳಿ ಬಂದು ಕೇಳಿದ ಮೊದಲ ಮಾತು ಅದು. ಪಟ್ಟಣದ ಸಭೆಗೆ ಮಠದ ಆಶೀರ್ವಾದ ಬೇಕಾಗಿತ್ತು. ನಡೆದು ಓಡಾಡುವ ಬಡವರಿಗಾಗಿ ಊರಿನ ವತಿಯಿಂದ ಬಂಡಿ ಓಡಿಸಬೇಕು, ಅದರ ಖರ್ಚಿಗೆ ರಸ್ತೆಯಲ್ಲಿ ಸುಂಕ ಎತ್ತಬೇಕು ಎಂದು ಅಲ್ಲಿ ಮಾತಾಗಿತ್ತು. ಗುರು ಹೋಗಿರಲಿಲ್ಲ. ಇಂಥ ಕೆಲಸಗಳಿಗೆ ಅವರು ಹಿಂದೆ ಹಲವು ಸಲ ಆಶೀರ್ವಾದ ಮಾಡಿದ್ದರು. ಈಗ ಶಿಷ್ಯರನ್ನು ಕಳಿಸುತ್ತಿದ್ದರು.

"ತಡವಾಯಿತಲ್ಲ" ಎಂದರು ಗುರು.

"ದಾರಿಯ ತುಂಬ ಹೊರೆ ಹೊತ್ತವರು. ಕೂಗಿದರೂ ಪಕ್ಕಕ್ಕೆ ಸರಿಯುವುದಿಲ್ಲ. ಅವರನ್ನು ದಾಟಿ ಬರುವಷ್ಟರಲ್ಲಿ ಹೊತ್ತು ಮುಳುಗಿತು" ಎಂದ ಶಿಷ್ಯ. "ಸಭೆಯಲ್ಲಿ ಕೆಟ್ಟವನು ಒಬ್ಬನೂ ಕಾಣಲಿಲ್ಲ, ಗುರುಗಳೇ. ಎಲ್ಲರೂ ಒಳ್ಳೆಯ ಮಾತನ್ನೇ ಆಡಿದರು. ಎಲ್ಲರೂ ಕೈ ಎತ್ತಿದರು. ಆದರೆ ಹಿಂದೆ ಕೂತಿದ್ದ ಒಬ್ಬ ಮುದುಕ ಎದ್ದು ಪಂಚೆ ಕೊಡವಿಕೊಂಡು, 'ಎಲ್ಲರೂ ಒಪ್ಪಿಬಿಟ್ಟರಪ್ಪ, ಇನ್ನು ಇದರ ಕತೆ ಮುಗಿಯಿತು' ಎಂದು ಹೊರಟುಹೋದ. ಅವನು ಏಕೆ ಹಾಗೆಂದ?"

ಇದೇ ಕತೆಯನ್ನು ಮತ್ತೆ ಹೇಳಬೇಕಲ್ಲ ಎಂದುಕೊಂಡರು ಗುರು.

"ಕೂತುಕೋ" ಎಂದರು.

ಒಂದು ಪಟ್ಟಣವಿತ್ತು. ಅದರ ಮುಂದೆ ಹೊಳೆ, ಹೊಳೆಗೆ ಒಂದೇ ಸೇತುವೆ. ಪಟ್ಟಣದ ವ್ಯಾಪಾರಿಗಳಿಗೆಲ್ಲ ಒಂದೊಂದು ಬಂಡಿ ಇತ್ತು. ಸರಕು ಇದ್ದರೂ ಇಲ್ಲದಿದ್ದರೂ ಅವರು ಬಂಡಿಯಲ್ಲೇ ಬರುತ್ತಿದ್ದರು. ಇಬ್ಬರು ಒಂದೇ ಬಂಡಿಯಲ್ಲಿ ಬಂದರೆ ಅವರಲ್ಲಿ ಒಬ್ಬನಿಗೆ ನಷ್ಟವಾಗಿದೆ ಎಂದು ಊರು ಮಾತಾಡುತ್ತಿತ್ತು. ಹೀಗಾಗಿ ಬೆಳಿಗ್ಗೆ ಸೇತುವೆಯ ಮೇಲೆ ಬಂಡಿಯ ಹಿಂದೆ ಬಂಡಿ ನಿಲ್ಲುತ್ತಿತ್ತು. ತಲೆಯ ಮೇಲೆ ಹೊರೆ ಹೊತ್ತವರು ಎತ್ತಿನ ಕೋಡುಗಳ ನಡುವೆ ನುಸುಳಿ ಪೇಟೆ ಸೇರುತ್ತಿದ್ದರು.

ಅವರಲ್ಲಿ ಒಬ್ಬಳು ಕುಂಬಾರಗಿತ್ತಿ. ಹೊಳೆಯಾಚೆಯ ಕೇರಿಯಿಂದ ಮಡಕೆಗಳನ್ನು ತರುತ್ತಿದ್ದಳು. ಅವಳ ಕತ್ತು ಕೆಟ್ಟಿತ್ತು. ಎಡಕ್ಕೆ ನೋಡಬೇಕಾದರೆ ಮೈಯೆಲ್ಲ ಎಡಕ್ಕೆ ತಿರುಗಬೇಕಾಗಿತ್ತು. ನಾಟಿ ವೈದ್ಯ ಮುಟ್ಟಿ ನೋಡಿ, "ಇನ್ನು ಹೊರೆಗೆಂದು ತಲೆಯ ಮೇಲೆ ಸಿಂಬೆ ಇಡಬೇಡ. ಇಟ್ಟರೆ ಒಂದು ದಿನ ಹೊರೆ ಇಳಿಸಿದ ಮೇಲೂ ತಲೆ ಏಳುವುದಿಲ್ಲ" ಎಂದಿದ್ದ. ಸಿಂಬೆ ಇಡದಿದ್ದರೆ ಮಡಕೆ ಪೇಟೆಗೆ ಬರುವುದಿಲ್ಲ. ಮಡಕೆ ಪೇಟೆಗೆ ಬರದಿದ್ದರೆ ಒಲೆ ಹೊತ್ತುವುದಿಲ್ಲ. ಅವಳು ಸಭೆಗೆ ಹೋಗಿ ಕೈ ಮುಗಿದು ನಿಂತಳು.

"ಎಲ್ಲರಿಗೂ ಸೇರಿ ಒಂದು ಬಂಡಿ ಇದ್ದರೆ ಬದುಕಿಕೊಳ್ಳುತ್ತೇವೆ, ಸ್ವಾಮಿ. ನಾವು ಕೂರುವುದು ಬೇಡ, ಬುಟ್ಟಿ ಕೂತರೆ ಸಾಕು."

ಸಭೆಯ ಮನಸ್ಸು ಕರಗಿತು. ಹಿರಿಯರೊಬ್ಬರು ಕಣ್ಣೊರೆಸಿಕೊಂಡರು. ಊರ ಬಂಡಿ ಬೇಕು ಎಂದು ಎಲ್ಲರೂ ಒಪ್ಪಿದರು. ಖರ್ಚು ಯಾರದು ಎಂದಾಗ ಎಲ್ಲರೂ ಹೊಳೆಯ ಕಡೆ ನೋಡಿದರು. ಕೊನೆಗೆ ಕಣ್ಣೊರೆಸಿಕೊಂಡ ಹಿರಿಯರೇ, ಸೇತುವೆಯನ್ನು ಕಟ್ಟಿಹಾಕಿರುವುದು ಬಂಡಿಗಳು, ಆದ್ದರಿಂದ ದಾಟುವ ಬಂಡಿಗೆ ಸುಂಕ ಹಾಕೋಣ ಎಂದರು. ಅದನ್ನೂ ಎಲ್ಲರೂ ಒಪ್ಪಿದರು. ಎಲ್ಲರಿಗಿಂತ ಮೊದಲು ಕೈ ಎತ್ತಿದವನು ಒಬ್ಬ ದವಸದ ವ್ಯಾಪಾರಿ.

"ಸುಂಕ ಬೇಕೇ ಬೇಕು" ಎಂದ ಅವನು. "ಆದರೆ ಬಂಡಿಗೆ ಸುಂಕ ಎನ್ನಬೇಡಿ. ಬಂಡಿ ಎಂದರೆ ಎತ್ತು. ಎತ್ತು ಎಂದರೆ ಬಸವ. ಬಸವನಿಗೆ ಸುಂಕ ಹಾಕಿದ ಊರು ಎಂಬ ಹೆಸರು ನಮಗೇಕೆ? ಹೊರೆಗೆ ಸುಂಕ ಎನ್ನಿ. ಹೆಚ್ಚು ಹೊರೆ ಇದ್ದವನು ಹೆಚ್ಚು ಕೊಡಲಿ. ಇದಕ್ಕಿಂತ ಧರ್ಮ ಎಲ್ಲಿದೆ?"

ಸಭೆ ತಲೆದೂಗಿತು. ಕತ್ತು ಬಾರದಿದ್ದರೂ ಕುಂಬಾರಗಿತ್ತಿಯೂ ತಲೆದೂಗಿದಳು. ಅವಳಿಗೂ ಅದು ಸರಿಯೆಂದೇ ಕಂಡಿತು. ಸೇತುವೆಯ ಬಾಯಲ್ಲಿ ಸುಂಕದ ಕಟ್ಟೆ ಎದ್ದಿತು. 'ಹೊರೆಗೆ ಸುಂಕ' ಎಂದು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದರು. ಮುಂದೆ ಯಾರೂ ಮಾತು ಬದಲಿಸಬಾರದೆಂದು ಕಲ್ಲೇ ಆಗಲಿ ಎಂದದ್ದೂ ದವಸದ ವ್ಯಾಪಾರಿಯೇ. ಕಲ್ಲಿನ ಖರ್ಚನ್ನು ಅವನೇ ಕೊಟ್ಟ.

ಮೊದಲ ದಿನ ಅವನ ಬಂಡಿಯೇ ಮೊದಲು ಬಂತು. ಸುಂಕದವನು ಕೈ ಅಡ್ಡ ಹಿಡಿದ.

"ಸುಂಕ, ಧಣಿ."

"ಕೊಡೋಣ. ಹೊರೆ ಎಲ್ಲಿದೆ?"

"ಬಂಡಿಯ ತುಂಬ ಮೂಟೆ ಇವೆಯಲ್ಲ, ಧಣಿ."

"ತಲೆಯ ಮೇಲಿದ್ದರೆ ಹೊರೆ. ಬಂಡಿಯ ಮೇಲಿದ್ದರೆ ಹೇರು. ಕನ್ನಡವನ್ನೂ ನಾನೇ ಕಲಿಸಬೇಕೇನಯ್ಯಾ ನಿನಗೆ? ಕಲ್ಲಿನಲ್ಲಿ ಎಲ್ಲಾದರೂ ಹೇರು ಅಂತ ಇದೆಯೇ, ನೋಡು."

ಸುಂಕದವನು ನೋಡಿದ. ಇರಲಿಲ್ಲ. ಬಂಡಿ ದಾಟಿತು. ಅದರ ಹಿಂದೆ ಉಳಿದ ಬಂಡಿಗಳೂ ದಾಟಿದವು. ಅವುಗಳ ಹಿಂದೆ, ತಲೆಯ ಮೇಲೆ ಬುಟ್ಟಿ ಹೊತ್ತು, ಕುಂಬಾರಗಿತ್ತಿ ಬಂದಳು.

ವಿಷಯ ಸಭೆಗೆ ಹೋಯಿತು. ಸಭೆ ಒಬ್ಬ ಪಂಡಿತನನ್ನು ಕರೆಸಿತು. ಹೊತ್ತದ್ದು ಹೊರೆ, ಹೇರಿದ್ದು ಹೇರು, ಎರಡೂ ಬೇರೆ ಎಂದು ಪಂಡಿತ ಹೇಳಿದ. ಅವನಿಗೆ ಯಾರೂ ಲಂಚ ಕೊಟ್ಟಿರಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ. ಆ ಮಾತುಗಳ ಅರ್ಥವೇ ಅದು.

ಹಾಗಾದರೆ ಕಲ್ಲನ್ನು ತಿದ್ದಿಸೋಣ ಎಂದರು ಒಬ್ಬರು. ಅದು ಸಭೆಗೆ ಹೊಸಬರನ್ನು ಆರಿಸುವ ಕಾಲ. ಆರಿಸುವವರಲ್ಲಿ ಬಂಡಿಯವರೇ ಹೆಚ್ಚು. ತಿದ್ದಿಸಬೇಕು, ಆದರೆ ಈಗ ಬೇಡ ಎಂದು ಎಲ್ಲರೂ ಒಪ್ಪಿದರು. ಊರ ಬಂಡಿ ತಮ್ಮ ಬೀದಿಯಲ್ಲಿ ಬರುವುದಾದರೆ ತಿದ್ದಿಸಲು ಅಡ್ಡಿಯಿಲ್ಲ ಎಂದರು ಮೇಲಿನ ಪೇಟೆಯವರು. ತಮ್ಮ ಬೀದಿಯಲ್ಲಿ ಬರದಿದ್ದರೆ ಕಲ್ಲನ್ನು ಮುಟ್ಟಬಾರದು ಎಂದರು ಕೆಳಗಿನ ಪೇಟೆಯವರು. ಕಲ್ಲು ಹಾಗೇ ನಿಂತಿತು. ಹೇಗೂ ಊರ ಬಂಡಿ ಹೊರೆಯವರಿಗಾಗಿಯೇ ಬರುವುದು, ಅದು ಬರುವವರೆಗೆ ಅವರೇ ಕೊಟ್ಟುಕೊಂಡಿರಲಿ ಎಂದಾಯಿತು.

ಕುಂಬಾರಗಿತ್ತಿ ಬೆಳಿಗ್ಗೆ ಬರುವಾಗ ಅವಳ ಕೈಯಲ್ಲಿ ಕಾಸಿರುತ್ತಿರಲಿಲ್ಲ. ಕಾಸು ಬರುವುದು ಮಡಕೆ ಮಾರಿದ ಮೇಲೆ. ಆದ್ದರಿಂದ ಸುಂಕಕ್ಕೆ ಒಂದು ಮಡಕೆ ಇಳಿಸುತ್ತಿದ್ದಳು. ಒಂದು ದಿನ ಅವಳು ಸುಂಕದವನಿಗೆ ಕತ್ತಿನ ನೋವು ಹೇಳಿಕೊಂಡಳು.

ಅವನು ನಕ್ಕ. "ಸುಂಕದವನ ಮುಂದೆ ಸುಖದುಃಖ ಹೇಳಬಾರದು ಅಂತ ಗಾದೆಯೇ ಇದೆಯಲ್ಲವ್ವ, ನೀನು ಕೇಳಿಲ್ಲವೇ?"

"ಕೇಳಿದ್ದೇನೆ. ಇನ್ಯಾರ ಮುಂದೆ ಹೇಳಬೇಕು ಅಂತ ಆ ಗಾದೆಯಲ್ಲಿ ಇಲ್ಲವಲ್ಲಪ್ಪ."

"ಸ್ವಲ್ಪ ತಡೆದುಕೋ. ಬಂಡಿ ಬರುತ್ತಿರುವುದು ನಿನಗಾಗಿಯೇ."

"ಬರಲಿ. ಅಲ್ಲಿಯ ತನಕ ಕತ್ತು ಇರಬೇಕಷ್ಟೆ."

ಬಂಡಿ ಬಂತು. ಎತ್ತುಗಳಿಗೆ ಜೂಲು ಹೊದಿಸಿದರು. ಸಭೆಯ ಹಿರಿಯರೆಲ್ಲ ಅದರಲ್ಲಿ ಕೂತು ಸೇತುವೆಯನ್ನು ಒಮ್ಮೆ ದಾಟಿ, ಮರುಕ್ಷಣವೇ ತಮ್ಮ ತಮ್ಮ ಬಂಡಿ ಹತ್ತಿ ಮನೆಗೆ ಹೋದರು. ಮರುದಿನ ಕುಂಬಾರಗಿತ್ತಿ ಬುಟ್ಟಿಯನ್ನು ಊರ ಬಂಡಿಯಲ್ಲಿಟ್ಟು ಪಕ್ಕದಲ್ಲಿ ಬರಿಗೈಯಲ್ಲಿ ನಡೆದಳು. ಕೆಲವು ದಿನ ಕಳೆದ ಮೇಲೆ ಸೇತುವೆಯ ನಡುವೆ ಅವಳ ಕತ್ತು ತಾನಾಗಿ ಎಡಕ್ಕೆ ತಿರುಗಿತು. ಹೊಳೆ ಕಂಡಿತು. ದಿನವೂ ದಾಟುತ್ತಿದ್ದ ಹೊಳೆಯನ್ನು ಅವಳು ವರ್ಷಗಳಿಂದ ನೋಡಿರಲಿಲ್ಲ.

ಹುಲ್ಲಿನವರು, ಸೌದೆಯವರು, ಸೊಪ್ಪಿನವರು ಎಲ್ಲರೂ ಹೊರೆಯನ್ನು ಊರ ಬಂಡಿಗೆ ಹಾಕಿದರು. ಬಂಡಿಗೆ ಹಾಕಿದ್ದು ಹೇರು. ಹೇರಿಗೆ ಸುಂಕವಿಲ್ಲ. ಸುಂಕದವನು ಕಟ್ಟೆಯ ಮೇಲೆ ಕಾಲು ಚಾಚಿ ಮಲಗಿದ. ಸುಂಕ ನಿಂತಿತು. ಎತ್ತುಗಳ ಹುಲ್ಲು ನಿಂತಿತು.

ಸಭೆ ಮತ್ತೆ ಸೇರಿತು. ಜನ ಬಂಡಿಯನ್ನು ಮಿತಿಮೀರಿ ಬಳಸುತ್ತಿದ್ದಾರೆ, ತೊಂದರೆಯ ಮೂಲ ಅದು ಎಂದು ಒಬ್ಬರು ಕಂಡುಹಿಡಿದರು. ಕಲ್ಲನ್ನು ತಿದ್ದಿಸುವ ಮಾತು ಬಂತು, ಹೋಯಿತು. ಆಗ ದವಸದ ವ್ಯಾಪಾರಿ ಎದ್ದ.

"ಊರ ಬಂಡಿ ನಿಲ್ಲಬಾರದು. ನಾನಂತೂ ನಿಲ್ಲಿಸಲು ಬಿಡುವುದಿಲ್ಲ. ದಿನ ಬಿಟ್ಟು ದಿನ ಓಡಲಿ. ಓಡದ ದಿನದ ಹೊರೆ ಓಡುವ ದಿನದ ಎತ್ತನ್ನು ಸಾಕಲಿ."

ಸಭೆ ಎಲ್ಲರ ಒಪ್ಪಿಗೆಯಿಂದ ಹಾಗೇ ಮಾಡಿತು. ಆದರೆ ಎತ್ತುಗಳು ಓಡದ ದಿನವೂ ತಿನ್ನುತ್ತಿದ್ದವು. ಸಭೆಯಲ್ಲಿ ಯಾರೂ ಎತ್ತನ್ನು ಕೇಳಿರಲಿಲ್ಲ. ಆಮೇಲೆ ಬಂಡಿ ಸಂತೆಯ ದಿನ ಮಾತ್ರ ಓಡಿತು. ಆಮೇಲೆ ಹುಲ್ಲು ಸಾಲದೆಂದು ಎತ್ತುಗಳನ್ನು ಮಾರಿದರು. ಬಂಡಿಯನ್ನು ಮಾರಲಿಲ್ಲ. ಅದು ಊರಿನ ಬಂಡಿ. ಮೂಕಿ ನೆಲಕ್ಕೆ ಊರಿಕೊಂಡು ಸುಂಕದ ಕಟ್ಟೆಯ ಪಕ್ಕದಲ್ಲಿ ನಿಂತಿತು. ಹಬ್ಬ ಬಂದಾಗ ಅದಕ್ಕೆ ಮಾವಿನೆಲೆ ಕಟ್ಟುತ್ತಿದ್ದರು. ಸುಂಕವನ್ನೂ ತೆಗೆಯಲಿಲ್ಲ. ತೆಗೆದರೆ ಬಂಡಿಯನ್ನು ಮತ್ತೆ ಓಡಿಸುವುದು ಹೇಗೆ?

ಕುಂಬಾರಗಿತ್ತಿ ಮತ್ತೆ ಸಿಂಬೆ ಇಟ್ಟಳು.

ಒಂದು ಬೆಳಿಗ್ಗೆ ಸೇತುವೆಯ ಬಾಯಿಗೆ ಬರುವಷ್ಟರಲ್ಲಿ ಅವಳ ಕಣ್ಣಿಗೆ ಕತ್ತಲೆ ಕಟ್ಟಿತು. ಕಟ್ಟೆಯ ಪಕ್ಕ ನಿಂತಿದ್ದ ಊರ ಬಂಡಿಯ ಮೇಲೆ ಬುಟ್ಟಿಯನ್ನು ಇಳಿಸಿ, ಗಾಲಿ ಹಿಡಿದುಕೊಂಡು ನಿಂತಳು.

"ಈಗ ನಿನಗೆ ಸುಂಕ ಇಲ್ಲವ್ವ" ಎಂದ ಸುಂಕದವನು. "ಹೇರಾಯಿತಲ್ಲ."

"ಹಾಗಾದರೆ ಬಂಡಿ ಹೊಡಿ, ನನ್ನಪ್ಪ."

ಸುಂಕದವನು ನಗಲಿಲ್ಲ. ಎತ್ತಿಲ್ಲದ ನೊಗದ ಕಡೆ ನೋಡಿದ.

ಅಷ್ಟರಲ್ಲಿ ದವಸದ ವ್ಯಾಪಾರಿಯ ಬಂಡಿ ಬಂತು. ಅವತ್ತು ಅದರಲ್ಲಿ ಮೂಟೆ ಇರಲಿಲ್ಲ. ಅವನೊಬ್ಬನೇ ದಿಂಬಿಗೆ ಒರಗಿ ಕೂತಿದ್ದ. ಮುಂದೆ ಬಂಡಿಗಳು ಸಿಕ್ಕಿಕೊಂಡಿದ್ದರಿಂದ ಅವನ ಬಂಡಿಯೂ ಅವಳ ಪಕ್ಕದಲ್ಲೇ ನಿಂತಿತು. ಅವನು ಅವಳನ್ನು ಗುರುತಿಸಿದ. ಅವನ ಮುಖದಲ್ಲಿ ಮರುಕವಿತ್ತು. ಅದು ನಿಜವಾದ ಮರುಕವೇ.

"ನಿನಗಾಗಿ ಮೊದಲು ಕೈ ಎತ್ತಿದವನು ನಾನೇ ಕಣವ್ವ" ಎಂದ.

"ಗೊತ್ತು, ಧಣಿ. ಈಗ ಇನ್ನೊಂದು ಸಲ ಎತ್ತಿ. ಬುಟ್ಟಿಗೆ ಒಂದು ಕೈ ಕೊಟ್ಟರೆ ತಲೆಗೆ ಏರಿಸಿಕೊಳ್ಳುತ್ತೇನೆ."

ಮುಂದಿನ ಬಂಡಿ ಸರಿಯಿತು. ಅವನ ಬಂಡಿಯವನು ಎತ್ತಿನ ಬಾಲ ತಿರುಚಿದ. ಹಿಂದಿನವರು ಕೂಗುತ್ತಿದ್ದರು. ಬಂಡಿ ಮುಂದೆ ಹೋಯಿತು.

ಸುಂಕದವನೇ ಕೆಳಗಿಳಿದು ಬಂದು ಬುಟ್ಟಿಯನ್ನು ಎತ್ತಿ ಅವಳ ತಲೆಯ ಮೇಲಿಟ್ಟ. ತಲೆಯ ಮೇಲೆ ಇಟ್ಟದ್ದರಿಂದ ಅದು ಹೊರೆಯಾಯಿತು. ಅವನು ಕಲ್ಲಿನ ಕಡೆ ನೋಡಿದ, ಅವಳ ಕಡೆ ನೋಡಿದ. ಆಮೇಲೆ ಮೇಲಿನ ಮಡಕೆಯೊಂದನ್ನು ತೆಗೆದುಕೊಂಡ. ಅವಳು ಸೇತುವೆ ದಾಟಿದಳು. ಪೇಟೆಯಲ್ಲಿ ಯಾರೋ ಬುಟ್ಟಿ ಇಳಿಸಿಕೊಟ್ಟರು. ವೈದ್ಯ ಹೇಳಿದಂತೆ ತಲೆ ಏಳಲಿಲ್ಲ.

ಮರುದಿನ ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ. ಪೇಟೆಯಲ್ಲಿ ಸ್ವಲ್ಪ ಕಾಲ ಮಡಕೆಗೆ ಬರ ಬಂತು. ಮುಂದೆ ಇನ್ನೊಂದು ಊರಿನಿಂದ ಬಂಡಿಯಲ್ಲಿ ಹೇರು ಹೇರು ಮಡಕೆ ಬಂದವು. ಅವುಗಳಿಗೆ ಸುಂಕ ಇರಲಿಲ್ಲ. ಹೊರೆಯ ಸುಂಕ ಏಕೋ ಇಳಿಯುತ್ತಿದೆ ಎಂದು ಸಭೆ ಮತ್ತೆ ಸೇರಿತು.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಹೇಳಿದ: "ಕಲ್ಲಿನ ಮಾತು ಹಾಗಿರಲಿ, ಸಭೆಯ ಮಾತು ಹಾಗಿರಲಿ. ಅವತ್ತು ಆ ವ್ಯಾಪಾರಿಯ ಬಂಡಿ ಖಾಲಿ ಇತ್ತಲ್ಲ, ಗುರುಗಳೇ! ಅವಳ ಪಕ್ಕದಲ್ಲೇ ನಿಂತಿತ್ತಲ್ಲ! ಆ ಬುಟ್ಟಿಯನ್ನು ಎತ್ತಿ ಇಟ್ಟುಕೊಂಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅದಕ್ಕೆ ಯಾವ ಸಭೆ ಒಪ್ಪಬೇಕಾಗಿತ್ತು?"

ಗುರು ಅವನನ್ನೇ ನೋಡಿದರು. ಹೊರಗೆ ಆಳು ಮಠದ ಬಂಡಿಯ ಎತ್ತುಗಳನ್ನು ಬಿಚ್ಚುತ್ತಿದ್ದ.

"ಮಗು, ನೀನು ಈಗ ಬಂದೆಯಲ್ಲ, ಆ ಬಂಡಿಯಲ್ಲಿ ನಿನ್ನ ಜೊತೆ ಇನ್ನು ಯಾರ ಯಾರ ಹೊರೆ ಇತ್ತು?"