ಮುಚ್ಚಳದ ಗುಬ್ಬಿಗಳು

“ಗುರುಗಳೇ, ಮಾಡಿದ ತಪ್ಪಿಗೆ ಒಬ್ಬನು ಮನಸಾರೆ ಮರುಗಿದರೆ ಅವನಿಗೆ ಬಿಡುಗಡೆ ಉಂಟೇ?” ಎಂದು ಮರುಳಯ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಚಿತ್ರಗಾರನಿದ್ದ. ಹಳೆಯ ಮಂಚ, ಮಣೆ, ತೊಟ್ಟಿಲುಗಳಿಗೆ ಬಣ್ಣ ಬರೆದು ಹೊಸದು ಮಾಡಿಕೊಡುವುದು ಅವನ ಕಸುಬು. ಒಲೆಗಿಡಲು ಎತ್ತಿಟ್ಟ ಮರವೂ ಅವನ ಕೈಗೆ ಸಿಕ್ಕರೆ ಮದುವೆಮನೆಗೆ ಹೋಗುತ್ತಿತ್ತು.

ಒಂದು ದಿನ ಒಬ್ಬ ವ್ಯಾಪಾರಿ ತೇಗದ ಪೆಟ್ಟಿಗೆಯೊಂದನ್ನು ಹೊರಿಸಿಕೊಂಡು ಬಂದ. ಮಕ್ಕಳಾಗಲಿಲ್ಲವೆಂದು ಅವನು ಹೆಂಡತಿಯನ್ನು ತವರಿಗೆ ಅಟ್ಟಿದ್ದ. ಈಗ ಇನ್ನೊಂದು ಮದುವೆ ಗೊತ್ತಾಗಿತ್ತು. ಪೆಟ್ಟಿಗೆ ಮೊದಲ ಹೆಂಡತಿ ತವರಿನಿಂದ ತಂದದ್ದು. ಅದು ಊರಿಗೆಲ್ಲ ಗೊತ್ತಿತ್ತು, ಚಿತ್ರಗಾರನಿಗೂ ಗೊತ್ತಿತ್ತು.

“ಹೊಸಬಳಿಗೆ ಕೊಡುವುದು. ಹಳೆಯದೆಂದು ಯಾರೂ ಗುರುತು ಹಿಡಿಯಬಾರದು” ಎಂದ ವ್ಯಾಪಾರಿ.

ಮರ ಯಾರದಾದರೇನು, ಕೆಲಸ ನನ್ನದು ಎಂದುಕೊಂಡ ಚಿತ್ರಗಾರ. ಮುಚ್ಚಳದ ಮೇಲೆ ಯಾರೋ ಎರಡು ಗುಬ್ಬಿಗಳನ್ನು ಕೆತ್ತಿದ್ದರು. ಕೆತ್ತನೆ ಒರಟಾಗಿತ್ತು, ಬಣ್ಣಕ್ಕೆ ಅಡ್ಡ ಬರುತ್ತಿತ್ತು. ಅವನು ಅರ ಹಿಡಿದು ಅವನ್ನು ಉಜ್ಜಿ ಮಟ್ಟ ಮಾಡಿದ. ಹುಣಸೆಬೀಜದ ಅಂಟಿನಲ್ಲಿ ಬಿಳಿಕಲ್ಲಿನ ಪುಡಿ ಕಲಸಿ ಮೆತ್ತಿದ. ಅದರ ಮೇಲೆ ಕುಂಕುಮದ ಬಣ್ಣ ಬಳಿದು, ಹಳದಿ ಬಳ್ಳಿ ಬರೆದು, ಬಳ್ಳಿಯ ತುಂಬ ಗಿಳಿಗಳನ್ನು ಕೂರಿಸಿದ. ಅಂಥ ಕೆಲಸ ಅವನ ಕೈಯಿಂದ ಅದುವರೆಗೆ ಆಗಿರಲಿಲ್ಲ.

ಬಣ್ಣ ಒಣಗಿದ ಪೆಟ್ಟಿಗೆ ಜಗಲಿಯ ಮೇಲಿದ್ದಾಗ ಒಬ್ಬ ಹೆಂಗಸು ಬಂದಳು. ಬಿಸಿಲಲ್ಲಿ ನಡೆದು ಬಂದಿದ್ದಳು. ಅವಳು ಯಾರೆಂದು ಚಿತ್ರಗಾರನಿಗೆ ನೋಡಿದ ಕೂಡಲೇ ತಿಳಿಯಿತು.

“ಅಣ್ಣಾ, ನನ್ನದೊಂದು ಪೆಟ್ಟಿಗೆ ಇತ್ತು. ಹುಳು ಹಿಡಿಯಿತು, ಎಸೆದೆವು ಅನ್ನುತ್ತಾರೆ ಆ ಮನೆಯವರು. ಹಳೆಯ ಮರ ನಿನ್ನ ಹತ್ತಿರ ಬರುತ್ತದಂತೆ. ಬೇರೇನೂ ನನಗೆ ಬೇಡ. ಅಪ್ಪ ಈ ಮಳೆಗಾಲದಲ್ಲಿ ತೀರಿಹೋದ. ಅದು ಅವನು ಮಾಡಿದ್ದು.”

ಹೇಳುತ್ತ ಅವಳು ದಣಿದು ಜಗಲಿಯ ಮೇಲೆ ಕುಳಿತಳು. ಒಂದು ಕೈಯನ್ನು ಪೆಟ್ಟಿಗೆಯ ಮೇಲೆ ಊರಿದಳು.

ಚಿತ್ರಗಾರನಿಗೆ ವ್ಯಾಪಾರಿಯ ಸಿಟ್ಟು ನೆನಪಾಯಿತು. “ನಾನು ನೋಡಿಲ್ಲ ತಾಯಿ” ಎಂದ.

ಅವಳು ಏಳುವಾಗ ಗಿಳಿಗಳನ್ನು ನೋಡಿದಳು. “ಚೆನ್ನಾಗಿ ಬರೆದಿದ್ದೀಯ. ಯಾವ ಪುಣ್ಯವಂತೆಗೋ” ಎಂದು ಹೇಳಿ ಹೊರಟುಹೋದಳು.

ಸಂಜೆ ಪೆಟ್ಟಿಗೆ ವ್ಯಾಪಾರಿಯ ಮನೆ ಸೇರಿತು. ಮದುವೆ ಆಯಿತು. ಚಿತ್ರಗಾರನಿಗೆ ಮಾತ್ರ ಆ ಹೆಂಗಸಿನ ಮಾತನ್ನು ಮರೆಯಲಾಗಲಿಲ್ಲ. ಕಡೆಗೊಮ್ಮೆ ವ್ಯಾಪಾರಿ ಸಂತೆಗೆ ಹೋದ ಹೊತ್ತು ನೋಡಿ, ಅವನ ಹೊಸ ಹೆಂಡತಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಅವಳು ಇನ್ನೂ ಚಿಕ್ಕವಳು. ಪೆಟ್ಟಿಗೆಯೊಳಗಿನ ಸೀರೆಗಳನ್ನು ತೆಗೆದು ನೆಲದ ಮೇಲಿಟ್ಟಳು. “ಇದನ್ನು ಇಲ್ಲಿಂದ ಒಯ್ದುಬಿಡಿ” ಎಂದಳು. ಆಮೇಲೆ ಆ ಮನೆಯಲ್ಲಿ ಅವಳು ನಕ್ಕದ್ದನ್ನು ಯಾರೂ ಕಾಣಲಿಲ್ಲ.

ಚಿತ್ರಗಾರ ಬಣ್ಣವನ್ನೆಲ್ಲ ಕೆರೆದು ತೆಗೆದ. ಮರ ಬರಿದಾಯಿತು. ಗುಬ್ಬಿಗಳಿದ್ದ ಜಾಗದಲ್ಲಿ ಏನೂ ಇರಲಿಲ್ಲ. ಅವನು ಉಳಿ ಹಿಡಿದು, ನೆನಪಿದ್ದಂತೆ ಎರಡು ಗುಬ್ಬಿಗಳನ್ನು ಕೆತ್ತಿದ. ಪೆಟ್ಟಿಗೆಯನ್ನು ಹೊತ್ತು ಆ ಹೆಂಗಸಿನ ತವರಿಗೆ ಹೋಗಿ ಅಂಗಳದಲ್ಲಿಳಿಸಿದ. ನಡೆದದ್ದನ್ನು ಹೇಳಿ ಕೈಮುಗಿದ.

ಅವಳು ಮುಚ್ಚಳದ ಮೇಲೆ ಬೆರಳಾಡಿಸಿದಳು.

“ಇವು ನಮ್ಮಪ್ಪನ ಗುಬ್ಬಿಗಳಲ್ಲ. ಅವನಿಗೆ ಇಷ್ಟು ಚೆನ್ನಾಗಿ ಗುಬ್ಬಿ ಕೆತ್ತಲು ಬರುತ್ತಿರಲಿಲ್ಲ” ಎಂದಳು. ಆಮೇಲೆ, “ಅವತ್ತು ನನ್ನ ಕೈ ಅದರ ಮೇಲೆಯೇ ಇತ್ತಲ್ಲವೇ?” ಎಂದು ಕೇಳಿದಳು.

ಚಿತ್ರಗಾರ ಹೌದೆಂದು ತಲೆಯಾಡಿಸಿದ.

ಅವಳು ಬೈಯಲಿಲ್ಲ, ಅಳಲಿಲ್ಲ. ಎದ್ದು ಒಳಗೆ ಹೋದಳು. ಅವನು ಹೊತ್ತು ಮುಳುಗುವವರೆಗೆ ಅಲ್ಲೇ ನಿಂತಿದ್ದು ಊರಿಗೆ ಮರಳಿದ. ಪೆಟ್ಟಿಗೆ ಅಂಗಳದಲ್ಲಿಯೇ ಉಳಿಯಿತು. ಮಳೆ ಬಂದಾಗಲೂ ಅದನ್ನು ಯಾರೂ ಒಳಗೆ ತರಲಿಲ್ಲ.

ಚಿತ್ರಗಾರ ಕುಂಚ ಬಿಡಲಿಲ್ಲ; ಹೊಟ್ಟೆ ಬಿಡಬೇಕಲ್ಲ. ಆದರೆ ಹಳೆಯ ಮರ ಮನೆಗೆ ಬಂದಾಗಲೆಲ್ಲ ಅದು ಯಾರದೆಂದು ಎರಡೆರಡು ಸಲ ಕೇಳುತ್ತಿದ್ದ. ಜನ ಅದನ್ನು ವಯಸ್ಸು ಎಂದುಕೊಂಡರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರುಳಯ್ಯನ ಕಣ್ಣು ತುಂಬಿತ್ತು. “ಅಷ್ಟು ಬೆಂದವನು! ಸಾಯುವ ಮೊದಲಾದರೂ ಅವನಿಗೆ ಸಮಾಧಾನ ಸಿಕ್ಕಿತೇ ಗುರುಗಳೇ?” ಎಂದ.

“ಇಷ್ಟೆಲ್ಲ ಕೇಳಿದ ಮೇಲೂ ನೀನು ಅವನನ್ನೇ ವಿಚಾರಿಸುತ್ತೀಯಲ್ಲ, ಮರುಳಯ್ಯ” ಎಂದರು ಗುರುಗಳು.