ಕೊನೆಯವನ ಬೆಳಗಿನ ಆಟ

"ಬುದ್ಧಿ, ನನಗೆ ಆನಂದ ಅನ್ನುವುದು ಯಾವಾಗ ಸಿಗುತ್ತದೆ?"

ಕೇಳಿದವನು ಮರಿದೇವ. ಅವನು ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಅವನ ಹಿಂದೆ ಬಂದವರು ಪ್ರವಚನ ಹೇಳುವಷ್ಟು ಬೆಳೆದಿದ್ದರು. ಒಬ್ಬನಿಗಂತೂ ಬೇರೆ ಊರಿನ ಮಠವೇ ಸಿಕ್ಕಿತ್ತು. ಮರಿದೇವ ಮಾತ್ರ ಇನ್ನೂ ದಾಸೋಹದ ಮನೆಯಲ್ಲಿ ಸಾರಿನ ಕೊಪ್ಪರಿಗೆ ತಿರುವುತ್ತಿದ್ದ. "ಎಲ್ಲರಿಗಿಂತ ಹಿಂದೆ ಉಳಿದುಬಿಟ್ಟೆ. ಅವರು ಮುಟ್ಟಿದ ಜಾಗವನ್ನು ನಾನೂ ಮುಟ್ಟಿದ ದಿನ ತಾನೆ ನನಗೆ ಆನಂದ? ಆ ದಿನ ಎಷ್ಟು ದೂರ, ಅಷ್ಟು ಹೇಳಿಬಿಡಿ" ಅಂದ.

ಸ್ವಾಮಿಗಳು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟರು. "ಕೇಳುವುದನ್ನು ಕೇಳಿದೆಯಲ್ಲ, ಇನ್ನು ಬಾಯಿ ಮುಚ್ಚಿಕೊಂಡು ಕೂತುಕೋ. ನಡುನಡುವೆ ತಲೆ ಆಡಿಸಬೇಡ. ಅರ್ಥವಾಗದಿದ್ದರೂ ತಲೆ ಆಡಿಸುವ ಚಾಳಿ ನಿನಗಿದೆ" ಎಂದು ಗದರಿ, ಕತೆ ಶುರುಮಾಡಿದರು.

ಸನ್ಯಾಸಿಯಾದವನು ಪೂರ್ವಾಶ್ರಮದ ಸುದ್ದಿ ಎತ್ತಬಾರದು ಅನ್ನುತ್ತಾರೆ. ಅನ್ನಲಿ ಬಿಡು. ಖಾವಿ ಉಡುವ ಮೊದಲು ನಾನು ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದೆ. ಕ್ಯಾಡಿ ಅಂದರೆ ಆಟಗಾರನ ಕೋಲುಗಳ ಚೀಲ ಹೊತ್ತು ಅವನ ಜೊತೆ ನಡೆಯುವವನು. ಮೂವತ್ತು ದಾಟಿದ ಗಂಡಸು ನಾನು, ಅದೇ ನನ್ನ ಕಸುಬು. ಆಟ ಏನೆಂದರೆ, ಕೋಲಿನಿಂದ ಚೆಂಡು ಹೊಡೆದು ದೂರದ ಗುಳಿಗೆ ಬೀಳಿಸುವುದು. ಅಂಥವು ಹದಿನೆಂಟು ಗುಳಿ. ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆದ್ದ. ಇಷ್ಟಕ್ಕಾಗಿ ಜನ ಆಯುಷ್ಯ ಕಳೆಯುತ್ತಾರೆ. ನಗಬೇಡ, ನಾವೇನು ಕಡಿಮೆಯವರಲ್ಲ.

ಒಬ್ಬ ಆಟಗಾರನಿದ್ದ. ಹೊಟ್ಟೆಪಾಡಿಗೆ ಆಡುವವನು. ಹದಿನೇಳು ವರ್ಷ ಊರೂರು ಸುತ್ತಿ ಪಂದ್ಯ ಆಡಿದ್ದ. ನಮ್ಮ ಕ್ಲಬ್ಬಿಗೆ ಬಂದಾಗಲೆಲ್ಲ ಅವನ ಚೀಲ ನನ್ನ ಹೆಗಲಿಗೆ. ಎರಡನೆಯವನಾಗಿ ಬಂದಿದ್ದ, ನಾಲ್ಕನೆಯವನಾಗಿ ಬಂದಿದ್ದ, ಗೆದ್ದಿರಲಿಲ್ಲ. ಒಂದೇ ಒಂದನ್ನೂ ಗೆದ್ದಿರಲಿಲ್ಲ. ಕೈ ಒಳ್ಳೆಯದೇ. ಆದರೆ ಮೈದಾನದಲ್ಲಿ ಯಾರು ಎಷ್ಟರಲ್ಲಿದ್ದಾರೆಂದು ಬರೆದು ನಿಲ್ಲಿಸುವ ಹಲಗೆ ಇರುತ್ತದೆ ನೋಡು, ಅವನ ಕಣ್ಣು ಸದಾ ಅದರ ಮೇಲೆ. ಹಲಗೆ ಕಾಣದ ಕಡೆ ನನ್ನನ್ನು ಅಟ್ಟುತ್ತಿದ್ದ. "ಓಡೋ, ಮುಂದಿನವನು ಎಷ್ಟರಲ್ಲಿದ್ದಾನೆ ನೋಡಿ ಬಾ." ನಾನು ಏದುಸಿರು ಬಿಡುತ್ತಾ ಬಂದು ಹೇಳುತ್ತಿದ್ದೆ. ಹೇಳಿದ ಮರುಗಳಿಗೆ ಅವನ ಚೆಂಡು ಪೊದೆಯೊಳಗೆ. ಬೈಗುಳ ಮಾತ್ರ ನನಗೆ.

ಆ ಕಸುಬಿನಲ್ಲಿ ಒಂದು ಕಟ್ಟಳೆ. ವರ್ಷದ ಕೊನೆಗೆ ಎಲ್ಲ ಆಟಗಾರರ ಪಟ್ಟಿಯಾಗುತ್ತದೆ. ಪಟ್ಟಿಯಲ್ಲಿ ತೀರ ಕೆಳಗಿದ್ದವನಿಗೆ ಮುಂದಿನ ವರ್ಷ ಆಡಲು ಅನುಮತಿ ಇಲ್ಲ. ಪಂದ್ಯ ಗೆದ್ದವನೊಬ್ಬನಿಗೆ ಮಾತ್ರ ಪಟ್ಟಿಯ ಅಡ್ಡಿಯಿಲ್ಲ. ಆ ವರ್ಷ ಇವನು ತಳದಲ್ಲಿದ್ದ. ಉಳಿದದ್ದು ಒಂದೇ ಪಂದ್ಯ, ನಮ್ಮ ಕ್ಲಬ್ಬಿನದು. ಗೆದ್ದರೆ ಉಂಟು, ಇಲ್ಲದಿದ್ದರೆ ಹದಿನೇಳು ವರ್ಷದ ಕಸುಬು ಅಲ್ಲಿಗೆ ಮುಗಿಯಿತು.

ಪಂದ್ಯ ನಾಲ್ಕು ದಿನ. ಎರಡು ದಿನವಾದ ಮೇಲೆ ಚೆನ್ನಾಗಿ ಆಡದವರನ್ನು ಮನೆಗೆ ಕಳಿಸುತ್ತಾರೆ. ಇವನು ಹೇಗೋ ಉಳಿದುಕೊಂಡ. ಮೂರನೆಯ ದಿನ ಮಾತ್ರ ಬೇಡ, ಕೇಳಬೇಡ. ಒಂದು ಚೆಂಡು ನೀರಿಗೆ, ಒಂದು ಬೇಲಿಯಾಚೆ ಯಾರದೋ ಟೊಮೇಟೊ ಹೊಲಕ್ಕೆ. ಸಂಜೆಗೆ ಉಳಿದಿದ್ದ ಐವತ್ತೊಂದು ಜನರಲ್ಲಿ ಇವನು ಐವತ್ತೊಂದನೆಯವನು. ಎಲ್ಲರಿಗಿಂತ ಮುಂದಿದ್ದವನಿಗೂ ಇವನಿಗೂ ನಡುವೆ ಹನ್ನೊಂದು ಹೊಡೆತದ ಅಂತರ. ಒಂದೇ ದಿನದಲ್ಲಿ ಅದನ್ನು ತುಂಬುವುದು ಆಗದ ಹೋಗದ ಮಾತು.

ಕೊನೆಯ ದಿನ ಹಿಂದಿದ್ದವರು ಬೆಳಗ್ಗೆಯೇ ಆಡಬೇಕು, ಮುಂದಿದ್ದವರು ಆಮೇಲೆ. ಇಬ್ಬಿಬ್ಬರು ಜೋಡಿ. ನಿನ್ನ ಹೊಡೆತಗಳನ್ನು ನೀನು ಬರೆದುಕೊಂಡರೆ ಸಾಲದು, ನಿನ್ನ ಜೋಡಿ ಬರೆಯಬೇಕು, ಅವನದು ನೀನು ಬರೆಯಬೇಕು. ಐವತ್ತೊಂದನೆಯವನಿಗೆ ಜೋಡಿ ಎಲ್ಲಿಂದ ತರುವುದು? ಅಂಥವನ ಜೊತೆ ಬರೆಯುವುದಕ್ಕೆಂದೇ ಕ್ಲಬ್ಬಿನ ಸದಸ್ಯರೊಬ್ಬರನ್ನು ಕಳಿಸುತ್ತಾರೆ. ಅವತ್ತು ಬಂದವರು ಒಬ್ಬ ಹಲ್ಲಿನ ಡಾಕ್ಟರ್. ದಪ್ಪನೆಯ ಆಸಾಮಿ, ದೊಡ್ಡ ಪಾದ, ಕೈಯಲ್ಲಿ ಪೆನ್ಸಿಲು. "ಬೇಗ ಮುಗಿಸೋಣಪ್ಪಾ, ಹತ್ತಕ್ಕೆ ಕ್ಲಿನಿಕ್ ತೆಗೆಯಬೇಕು" ಅಂದರು.

ಬೆಳಗ್ಗೆ ಆರೂವರೆ. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಹಾಗೇ ಇತ್ತು. ನೋಡಲು ಒಂದು ನರಪಿಳ್ಳೆ ಇಲ್ಲ. ಹಲಗೆಗೆ ಹೆಸರು ಹಾಕುವವರು ಬಂದೇ ಇರಲಿಲ್ಲ. ಅಭ್ಯಾಸಬಲ, ಇವನು ಹಲಗೆಯ ಕಡೆ ತಿರುಗಿ ನೋಡಿದ. ಬರಿ ಹಲಗೆ. ನನ್ನ ಮುಖ ನೋಡಿದ. ಆಮೇಲೆ ನಗು ಬಂತು ಅವನಿಗೆ. "ಇವತ್ತು ನಿನ್ನನ್ನು ಎಲ್ಲಿಗೂ ಓಡಿಸುವುದಿಲ್ಲ ಕಣೋ. ಆಡೋಣ ನಡಿ" ಅಂದ.

ಆಡಿದ ನೋಡು! ಅಬ್ಬಬ್ಬಾ, ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೊದಲನೆಯ ಗುಳಿಯ ಹತ್ತಿರ ಚೆಂಡು ಮರಳಿನಲ್ಲಿ ಸಿಕ್ಕಿಕೊಂಡಿತ್ತು. ಮರಳಿನಿಂದ ಎತ್ತಿದವನು ನೇರ ಗುಳಿಗೇ ಬೀಳಿಸಿದ. ಎರಡನೆಯದು ಸಲೀಸು, ಮೂರನೆಯದೂ ಸಲೀಸು. ನಡೆಯುವಾಗ ಶಿಳ್ಳೆ ಹಾಕುತ್ತಿದ್ದ. ಅವನಿಗೆ ಶಿಳ್ಳೆ ಬರುತ್ತದೆ ಅನ್ನುವುದೇ ಅಲ್ಲಿಯ ತನಕ ನನಗೆ ಗೊತ್ತಿರಲಿಲ್ಲ. ಏಳನೆಯ ಗುಳಿಯನ್ನು ನಾಲ್ಕು ಹೊಡೆತದಲ್ಲಿ ಮುಗಿಸಿದರೆ ಶಹಬ್ಬಾಸ್ ಅನ್ನುತ್ತಾರೆ. ಇವನ ಎರಡನೆಯ ಹೊಡೆತ ದಿಬ್ಬ ದಾಟಿ ಕಣ್ಮರೆಯಾಯಿತು. ದಿಬ್ಬದ ಆಚೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ಕುಡುಗೋಲು ಹಿಡಿದುಕೊಂಡೇ ಎದ್ದು ನಿಂತು ಕೂಗಿದಳು, "ಒಳಕ್ಕೇ ಬಿತ್ತಲ್ಲಪ್ಪೋ!"

ಮೂವರೂ ಓಡಿದೆವು. ಡಾಕ್ಟರೂ ಓಡಿದರು. ಬಗ್ಗಿ ನೋಡಿದರೆ ಚೆಂಡು ಗುಳಿಯಲ್ಲಿ ತಣ್ಣಗೆ ಕೂತಿದೆ. ಇವನು ಆ ಹೆಂಗಸಿಗೆ ಕೈ ಮುಗಿದ. ಅವಳು ನಾಚಿಕೊಂಡು ಮತ್ತೆ ಹುಲ್ಲಿಗೆ ಕೂತಳು.

ಹತ್ತನೆಯ ಗುಳಿ ದಾಟಿದ ಮೇಲೆ ಡಾಕ್ಟರ್ ಕ್ಲಿನಿಕ್ಕಿನ ಮಾತೆತ್ತಲಿಲ್ಲ. ಹದಿನೈದರ ಹೊತ್ತಿಗೆ ಒಂದೊಂದು ಹೊಡೆತವನ್ನೂ ಎರಡೆರಡು ಸಲ ಎಣಿಸಿ ಬರೆಯುತ್ತಿದ್ದರು. ಇವನು ಶಿಳ್ಳೆ ಹಾಕುತ್ತಲೇ ಇದ್ದ. ಹದಿನೆಂಟು ಮುಗಿದಾಗ ಅರವತ್ತೆರಡು ಹೊಡೆತ. ಆ ಮೈದಾನದಲ್ಲಿ ಅಷ್ಟು ಕಡಿಮೆ ಹೊಡೆತದಲ್ಲಿ ಮುಗಿಸಿದವರನ್ನು ನಾನು ಕಂಡಿರಲಿಲ್ಲ. ಗಂಟೆ ಒಂಬತ್ತೂವರೆ. ಚಪ್ಪಾಳೆ ತಟ್ಟಿದವರು ಡಾಕ್ಟರ್ ಮತ್ತು ನಾನು, ಇಬ್ಬರೇ.

ಇವನು ಕಾಗದಕ್ಕೆ ರುಜು ಹಾಕಿ ನನ್ನನ್ನು ತಬ್ಬಿಕೊಂಡ. "ಸಾಕು ಕಣೋ. ಇಷ್ಟು ಚೆನ್ನಾಗಿ ಆಡಿ ನಿಲ್ಲಿಸಿದೆನಲ್ಲ, ಇದಕ್ಕಿಂತ ಇನ್ನೇನು ಬೇಕು" ಅಂದ. "ಕಾದು ನೋಡಣ್ಣ" ಅಂದೆ. "ಏನು ನೋಡುವುದು? ಮುಂದಿನವನು ಮಾಮೂಲಿ ಆಟ ಆಡಿದರೂ ಗೆದ್ದ. ಅವನ ಹಿಂದೆ ಇನ್ನೂ ಹತ್ತು ಜನ ಇದ್ದಾರೆ. ಆ ಹಲಗೆ ನೋಡುತ್ತಾ ಕೂರುವುದು ಇನ್ನು ನನ್ನ ಕೈಲಾಗದು" ಅಂದ. ಕೋಲುಗಳನ್ನು ನನ್ನ ಹತ್ತಿರ ಬಿಟ್ಟ. ಸ್ನಾನ ಮಾಡಿದ. ಕ್ಯಾಂಟೀನಿನಲ್ಲಿ ಎರಡು ತಟ್ಟೆ ಚಿತ್ರಾನ್ನ ತಿಂದ. ಟ್ರಂಕು ಹಿಡಿದುಕೊಂಡು ಮಧ್ಯಾಹ್ನದ ಬಸ್ಸಿಗೆಂದು ನಿಲ್ದಾಣಕ್ಕೆ ಹೊರಟೇಹೋದ.

ಮಧ್ಯಾಹ್ನ ಗಾಳಿ ಎದ್ದಿತು. ಎಂಥ ಗಾಳಿ ಅಂತೀಯ! ನೆಟ್ಟ ಬಾವುಟಗಳು ಬಾಗಿಹೋದವು. ಆಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಎಡವತೊಡಗಿದರು. ಎಲ್ಲರಿಗಿಂತ ಮುಂದಿದ್ದವನಿಗೆ ಎಪ್ಪತ್ತಮೂರು ಹೊಡೆತ ಬೇಕಾಯಿತು. ನೀನೇ ಲೆಕ್ಕ ಹಾಕು. ಅವನಿಗೂ ನಮ್ಮವನಿಗೂ ಸರಿಸಮ. ಹಲಗೆಯ ಮೇಲೆ ಎರಡು ಹೆಸರು ಅಕ್ಕಪಕ್ಕ ಬಂದವು. ಒಬ್ಬ ಇದ್ದಾನೆ, ಇನ್ನೊಬ್ಬ ಬಸ್ಸಿನಲ್ಲಿದ್ದಾನೆ.

ಸಮವಾದರೆ ಇಬ್ಬರೂ ಮತ್ತೆ ಒಂದೊಂದೇ ಗುಳಿ ಆಡಬೇಕು, ಯಾವ ಗುಳಿಯಲ್ಲಿ ಒಬ್ಬ ಮುಂದಾದನೋ ಅಲ್ಲಿಗೆ ಅವನು ಗೆದ್ದ. ಪಂದ್ಯ ನಡೆಸುವವರು ಗಡಿಯಾರ ನೋಡಿ ಹೇಳಿದರು, "ಮೂರು ಗಂಟೆಗೆ. ಬಂದು ನಿಲ್ಲದವನು ಸೋತ ಹಾಗೆ." ಆಗ ಎರಡೂಕಾಲು. ಆ ಇನ್ನೊಬ್ಬ ಆಟಗಾರ ದೊಡ್ಡ ಮನುಷ್ಯ. ತಾನೇ ನನ್ನ ಹತ್ತಿರ ಬಂದು, "ಹೋಗಿ ಕರೆದುಕೊಂಡು ಬಾರಪ್ಪಾ, ಬರಿ ನೆಲದ ಎದುರು ಗೆಲ್ಲುವುದು ನನಗೆ ಬೇಡ" ಅಂದ. ಅಷ್ಟರಲ್ಲಿ ಸ್ಕೂಟರಿನ ಸದ್ದು. ನೋಡಿದರೆ ನಮ್ಮ ಡಾಕ್ಟರ್! ಅವತ್ತು ಅವರ ಕ್ಲಿನಿಕ್ ತೆರೆಯಲೇ ಇಲ್ಲ, ಎಷ್ಟು ಜನ ಕೆನ್ನೆ ಹಿಡಿದುಕೊಂಡು ವಾಪಸು ಹೋದರೋ ಏನೋ. "ಹತ್ತು ಬೇಗ" ಅಂದರು.

ನಿಲ್ದಾಣಕ್ಕೆ ಹೋದರೆ ಬಸ್ಸು ಆಗತಾನೆ ಬಿಟ್ಟಿತ್ತು. ಖಾಸಗಿ ಬಸ್ಸು, ತುಂಬುವ ತನಕ ಕದಲಿರಲಿಲ್ಲ. ಅದೇ ನಮ್ಮ ಪುಣ್ಯ. ಬೆನ್ನಟ್ಟಿದೆವು. ರೈಲ್ವೆ ಗೇಟು ಹಾಕಿತ್ತು, ಬಸ್ಸು ಅಲ್ಲಿ ನಿಂತಿತ್ತು. ನಾನು ಕಿಟಕಿ ಕಿಟಕಿ ಇಣುಕುತ್ತಾ ಓಡಿದೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಪುಣ್ಯಾತ್ಮ. ಉಪ್ಪುಖಾರ ಹಚ್ಚಿದ ಸೌತೆಕಾಯಿ ತಿನ್ನುತ್ತಾ, ಪಕ್ಕದಲ್ಲಿದ್ದ ಅಜ್ಜಿಗೂ ಎರಡು ಹೋಳು ಕೊಟ್ಟು, ಏಳನೆಯ ಗುಳಿಯ ಕತೆ ಹೇಳುತ್ತಿದ್ದ. ಮುಖ ನೋಡಬೇಕಿತ್ತು ನೀನು. ಮದುವೆ ಮನೆಯಿಂದ ಬರುತ್ತಿರುವವನ ಹಾಗಿದ್ದ.

"ಅಣ್ಣಾ, ಇಳಿ! ಅವನೂ ನೀನೂ ಸಮ! ಮೂರಕ್ಕೆ ಆಡಬೇಕು!"

"ಸುಮ್ಮನೆ ಹೋಗೋ. ಬಿಸಿಲಿಗೆ ನಿನ್ನ ತಲೆ ಕೆಟ್ಟಿದೆ" ಅಂದ.

ಡಾಕ್ಟರ್ ಬಂದು ಹೇಳಿದರೂ ನಂಬಲಿಲ್ಲ. ನಂಬಿದ ಮೇಲೂ ಏಳಲಿಲ್ಲ. "ಇವತ್ತಿನದು ಬೆಳಗ್ಗೆಯೇ ಆಯಿತು. ಹೊಟ್ಟೆ ತುಂಬಿದೆ. ಯಾಕೆ ಮತ್ತೆ ಎಳೆಯುತ್ತೀರಿ?" ಅಂದ. ಗೇಟು ಮೇಲೇಳುತ್ತಿತ್ತು. ನನಗೆ ಅಳು ಬಂತು ಕಣೋ, ಸುಳ್ಳಲ್ಲ. ಆಗ ಪಕ್ಕದ ಅಜ್ಜಿ ಅವನ ಭುಜಕ್ಕೆ ಒಂದು ತಿವಿದಳು. "ಆಗಿನಿಂದ ಗುಳಿ ಗುಳಿ ಅಂತ ನನ್ನ ತಲೆ ತಿಂದೆಯಲ್ಲಪ್ಪಾ, ಹೋಗು, ಇನ್ನೊಂದು ಬೀಳಿಸಿ ಬಾ. ಅಷ್ಟು ಆಸೆಯಿಂದ ಕರೆಯುತ್ತಿದ್ದಾರೆ."

ಇಳಿದ. ಟ್ರಂಕು ಬಸ್ಸಿನ ಮೇಲೆ ಮೂಟೆಗಳ ಅಡಿಯಲ್ಲಿ ಸಿಕ್ಕಿಕೊಂಡಿತ್ತು, ಅದು ಬಸ್ಸಿನ ಜೊತೆಗೇ ಹೋಯಿತು. ಆಡುವ ಶೂ ಅದರೊಳಗೆ. ಒಂದು ಸ್ಕೂಟರಿನಲ್ಲಿ ಮೂವರು, ಹತ್ತು ನಿಮಿಷದ ದಾರಿ. ಚಪ್ಪಲಿ ಹಾಕಿಕೊಂಡು ಮೈದಾನಕ್ಕೆ ಇಳಿಯುವಂತಿಲ್ಲ ಎಂದು ಅಲ್ಲೊಬ್ಬ ತಕರಾರು ತೆಗೆದ. ಡಾಕ್ಟರ್ ತಮ್ಮ ಶೂ ಬಿಚ್ಚಿ ಕೊಟ್ಟರು. ಒಂದೊಂದೂ ದೋಣಿ! ಬೆರಳಿನ ಕಡೆ ಪತ್ರಿಕೆ ತುರುಕಿ ಕಟ್ಟಿಕೊಂಡ. ನೋಡಿದವರೆಲ್ಲ ನಕ್ಕರು. ಅವನೂ ನಕ್ಕ. ಮೂರಕ್ಕೆ ಎರಡು ನಿಮಿಷ ಇರುವಾಗ ಹೋಗಿ ನಿಂತ.

ಮೊದಲ ಗುಳಿಯಲ್ಲಿ ಇಬ್ಬರೂ ಸಮ. ಎರಡನೆಯದರಲ್ಲಿ ಆ ಇನ್ನೊಬ್ಬನ ಚೆಂಡು ಗುಳಿಯ ಅಂಚಿಗೆ ಬಂದು ನಿಂತುಬಿಟ್ಟಿತು. ಇವನದು ಮೂರಾಳು ದೂರದಲ್ಲಿತ್ತು. ಆ ದೂರದಿಂದ ಒಂದೇ ಏಟಿಗೆ ಬೀಳಿಸಿದರೆ ಗೆದ್ದ. ಹಲಗೆ ಪಕ್ಕದಲ್ಲೇ ಇತ್ತು, ಅವನು ನೋಡಲಿಲ್ಲ. ಮೆಲ್ಲಗೆ ತಟ್ಟಿದ. ಚೆಂಡು ಉರುಳಿಕೊಂಡು ಹೋಗಿ ಬಿತ್ತು.

ಕೂಗೆಂದರೆ ಕೂಗು! ಕ್ಯಾಂಟೀನಿನವರು ತಟ್ಟೆ ಬಾರಿಸಿಕೊಂಡು ಹೊರಗೆ ಬಂದರು. ಸೋತವನೇ ಮೊದಲು ಬಂದು ಅವನನ್ನು ಎತ್ತಿಕೊಂಡ. ಡಾಕ್ಟರ್ ಬರಿಗಾಲಿನಲ್ಲಿ ಕುಣಿದರು. ಅವನಿಗೆ ಅನುಮತಿ ಉಳಿಯಿತು, ಇನ್ನೂ ಒಂಬತ್ತು ವರ್ಷ ಆಡಿದ. ಮತ್ತೊಂದು ಪಂದ್ಯ ಗೆಲ್ಲಲಿಲ್ಲ. ಶಿಳ್ಳೆ ಮಾತ್ರ ನಿಲ್ಲಲಿಲ್ಲ.

ಕತೆ ಮುಗಿಸಿದ ಸ್ವಾಮಿಗಳು ಮಡಿಸಿಟ್ಟ ಪತ್ರಿಕೆಯನ್ನು ಮತ್ತೆ ಕೈಗೆತ್ತಿಕೊಂಡರು. ಮರಿದೇವನ ಮುಖವೆಲ್ಲ ಅರಳಿತ್ತು. ಕತೆ ಕೇಳುತ್ತಾ ಮುಂದಕ್ಕೆ ಮುಂದಕ್ಕೆ ಸರಿದು ಅವನು ಗುರುಗಳ ಮಣೆಯ ತನಕ ಬಂದುಬಿಟ್ಟಿದ್ದ.

"ಹದಿನೇಳು ವರ್ಷ ಕಾದು, ಕೊನೆಗೂ ಗೆದ್ದಾಗ ಅವನಿಗೆ ಎಂಥ ಆನಂದವಾಗಿರಬೇಕು ಬುದ್ಧಿ!"

"ಆನಂದವಾಗಿ ಕೂತಿದ್ದವನನ್ನೇ ಕಣೋ ನಾನು ಬಸ್ಸಿನಿಂದ ಇಳಿಸಿಕೊಂಡು ಬಂದದ್ದು."