ಚಾರ್ಜು ಕಂಬದ ನೀರಗಂಟಿ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಏಳು ಗುಡ್ಡ ದಾಟಿದರೆ ಹೊಂಗೆಪುರ ಅಂತ ಒಂದು ರಾಜ್ಯ ಇತ್ತಂತೆ. ಅಲ್ಲಿನ ರಾಜನಿಗೆ ಹೊಗೆ ಅಂದ್ರೆ ಆಗುತ್ತಿರಲಿಲ್ಲವಂತೆ. ಕೆಮ್ಮಿ ಕೆಮ್ಮಿ ಸಾಕಾಗಿ ಒಂದು ದಿನ ಡಂಗುರ ಹೊಡೆಸಿದ: "ಇನ್ನು ಮೇಲೆ ನನ್ನ ರಾಜ್ಯದಲ್ಲಿ ಎಲ್ಲ ಗಾಡಿಯೂ ಕರೆಂಟಲ್ಲೇ ಓಡಬೇಕು!"

ರಾಜನ ರಥಕ್ಕೆ ಬ್ಯಾಟರಿ ಬಂತು. ಆಟೋಗಳಿಗೆ ಬ್ಯಾಟರಿ ಬಂತು. ತರಕಾರಿ ಗಾಡಿಗೂ ಬ್ಯಾಟರಿ ಬಂತು. ಸಂತೆಮಾಳದ ದೊಡ್ಡ ಹೊಂಗೆಮರದ ಕೆಳಗೆ ಎಲ್ಲರಿಗೂ ಸೇರಿದ ಒಂದು ಚಾರ್ಜು ಕಂಬ ನೆಟ್ಟರು.

ಕಂಬ ಒಂದು, ಗಾಡಿ ರಾಶಿ. ಆದರೂ ಜಗಳ ಇರಲಿಲ್ಲ. ನಲ್ಲಿಯ ಮುಂದೆ ಕೊಡ ಸಾಲಿಡುವ ಹಾಗೆ ಜನ ಕಂಬದ ಮುಂದೆ ಚಪ್ಪಲಿ ಸಾಲಿಡುತ್ತಿದ್ದರು. ಯಾರ ಚಪ್ಪಲಿ ಮುಂದೋ ಅವರ ಸರದಿ ಮುಂದೆ. ಬ್ಯಾಟರಿಯ ಗುಣವೂ ಅವರಿಗೆ ಗೊತ್ತಿತ್ತು. ನೂರಕ್ಕೆ ಎಂಬತ್ತರವರೆಗೆ ಅದು ಗಟಗಟ ಕುಡಿಯುತ್ತದೆ, ಆಮೇಲೆ ಬರೀ ತುಟಿ ಒದ್ದೆ ಮಾಡಿಕೊಂಡು ಕೂತಿರುತ್ತದೆ. ಅದಕ್ಕೇ ಎಂಬತ್ತು ಆಯ್ತೋ, ಗಾಡಿಯ ಬಾಯಿಂದ ಕಂಬದ ವೈರಿನ ತುದಿಯ ಗನ್ ಕಿತ್ತು, ಮುಂದಿನವರ ಕೈಗೆ ಕೊಟ್ಟು ಹೊರಡುತ್ತಿದ್ದರು.

ಆ ಊರಲ್ಲಿ ಸಣ್ಣೀರಮ್ಮ ಅಂತ ಆಟೋ ಓಡಿಸುವ ಒಬ್ಬ ಹುಡುಗಿ. ಮಾತು ಕಡಿಮೆ, ನೋಡುವುದು ಜಾಸ್ತಿ. ಸಾಕಿದ ಚಿಕ್ಕವ್ವನ ಬಿಟ್ಟರೆ ಅವಳಿಗೆ ಇನ್ಯಾರೂ ಇಲ್ಲ. ಆ ಚಿಕ್ಕವ್ವನ ಕಿಡ್ನಿ ಕೆಟ್ಟಿತ್ತು. ದಿನ ಬಿಟ್ಟು ದಿನ ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ತಪ್ಪಿದರೆ ಮೈ ಬಾತುಕೊಂಡು ಉಸಿರಾಡುವುದೇ ಕಷ್ಟ. ಆಟೋಗೆ ಚಾರ್ಜಿಲ್ಲದೆ ಗುಡ್ಡ ಹತ್ತುವ ಹಾಗಿಲ್ಲ.

ಹೀಗಿರುವಾಗ ರಾಣಿಯ ತಮ್ಮ ಉದ್ದಂಡರಾಯ ಆನೆಯಂಥ ಒಂದು ಕಾರು ತಂದ. ಹೊತ್ತು ಹುಟ್ಟುವ ಮೊದಲೇ ಆಳಿನ ಕೈಲಿ ಚಪ್ಪಲಿ ಇಡಿಸಿದ. ಕಾರಿಗೆ ಗನ್ ಚುಚ್ಚಿದ, ಯಾರೂ ಕೀಳಲಾಗದ ಹಾಗೆ ಬೀಗ ಹಾಕಿದ, ಏಸಿ ಹಾಕಿಕೊಂಡು ಒಳಗೇ ಮಲಗಿದ. ಹೊಂಗೆಯ ನೆರಳು, ತಣ್ಣನೆ ಗಾಳಿ. ಹೊತ್ತು ಮುಳುಗಿ ಕಂಬದ ಕರೆಂಟು ನಿಂತ ಮೇಲೆ ಎದ್ದು ಮನೆಗೆ ಹೋದ. ಮಾರನೆ ದಿನವೂ ಅದೇ, ಅದರ ಮಾರನೆ ದಿನವೂ ಅದೇ. ಹೊಂಗೆಪುರದ ಗಾಡಿಗಳೆಲ್ಲ ಒಣಗಿ ನಿಂತವು.

ಸಣ್ಣೀರಮ್ಮ ಮೊದಲನೇ ಸಲ ಹೋಗಿ ಮೆಲ್ಲಗೆ ಗಾಜು ತಟ್ಟಿದಳು. "ಬುದ್ಧಿ, ಎಂಬತ್ತಾಗಿದೆ. ಬಿಟ್ಟುಕೊಡಿ."

"ನೂರಕ್ಕೆ ನೂರು ಆಗದೆ ಕದಲಿದವರು ನಮ್ಮ ವಂಶದಲ್ಲೇ ಇಲ್ಲ ಕಣೇ. ಹೋಗು."

ಆ ದಿನ ಉಳಿದಿದ್ದ ಚೂರು ಚಾರ್ಜಿನಲ್ಲಿ, ತಳ್ಳುತ್ತಾ ನೂಕುತ್ತಾ ಅವಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಅರ್ಧಂಬರ್ಧ ಡಯಾಲಿಸಿಸ್ ಆಯಿತು.

ಎರಡನೇ ಸಲ ಹೋದಳು. "ಬುದ್ಧಿ, ನೂರೂ ಆಯ್ತಲ್ಲ."

"ನೂರಾಯ್ತು, ನಿದ್ದೆ ಆಗಿಲ್ಲ. ಗಾಜು ಮುಟ್ಟಬೇಡ, ಕೊಳೆಯಾಗುತ್ತೆ."

ಆ ದಿನ ಆಸ್ಪತ್ರೆ ತಪ್ಪಿಯೇ ಹೋಯಿತು. ಚಿಕ್ಕವ್ವನ ಕಾಲು ಬಾತುಕೊಂಡಿತು.

ಮೂರನೇ ಸಲ ಹೋದಳು. "ಬುದ್ಧಿ, ನಮ್ಮ ಚಿಕ್ಕವ್ವನ ಜೀವ..."

"ನಿಮ್ಮ ಚಿಕ್ಕವ್ವನಿಗೆ ನೀನೊಂದು ಕಂಬ ನೆಡು ಹೋಗು!" ಅಂದವನೇ ಗಾಜು ಏರಿಸಿದ.

ತರಕಾರಿ ಗಾಡಿಯ ಮಸ್ತಾನಣ್ಣನಿಗೆ ಮೈಯೆಲ್ಲ ಉರಿಯಿತು, ಅರಮನೆಗೆ ದೂರು ಒಯ್ದ. ರಾಜ ಒಮ್ಮೆ ರಾಣಿಯ ಮುಖ ನೋಡಿದ. ರಾಣಿ ಕಣ್ಣು ಬಿಟ್ಟಳು. ರಾಜ ಒಂದು ಲೋಟ ಮಜ್ಜಿಗೆ ಕುಡಿದು, "ಹೊಂದಿಕೊಂಡು ಹೋಗ್ರಪ್ಪ" ಅಂದ.

ಮನೆಯಲ್ಲಿ ಚಿಕ್ಕವ್ವ ಗೋಡೆಗೊರಗಿ ಏದುಸಿರು ಬಿಡುತ್ತಿದ್ದಳು. ಆ ಸ್ಥಿತಿಯಲ್ಲೂ ಬಾಯಿ ಮಾತ್ರ ಜೋರು.

"ಅವನೊಬ್ಬ ಗಂಡಸೇನೇ? ಗಂಡಸು ಅಂದ್ರೆ ನಿಮ್ಮ ಚಿಕ್ಕಪ್ಪ. ಕೆರೆಯ ನೀರಗಂಟಿ ಆಗಿದ್ರು, ಊರಿನ ಗದ್ದೆಗಳಿಗೆ ನೀರು ಹಂಚೋ ಕೆಲಸ. ಹೊತ್ತು ಹುಟ್ಟಿದಾಗಿಂದ ಮುಳುಗೋವರೆಗೆ ತೂಬು ಬಿಟ್ಟು ಕದಲ್ತಿರಲಿಲ್ಲ. ರಾಜರೇ ಬಂದು ಪೇಟ ಕಟ್ಟಿದ್ರು. ಕಟ್ಟಿದ ಪೇಟ ಸಂಕ್ರಾಂತಿವರೆಗೂ ಯಾರೂ ಬಿಚ್ಚೋ ಹಾಗಿಲ್ಲ, ಕಟ್ಟಿದ ರಾಜರೂ ಬಿಚ್ಚೋ ಹಾಗಿಲ್ಲ."

"ಮತ್ತೆ ನಮ್ಮ ಗದ್ದೆಗೆ ಬೇಕಾದಷ್ಟು ನೀರು ಬರ್ತಿತ್ತಾ ಚಿಕ್ಕವ್ವ?"

"ಎಲ್ಲಿ ಬಂತು? ಊರಿನ ಗದ್ದೆಯೆಲ್ಲ ನೆಂದ ಮೇಲೇ ನೀರಗಂಟಿ ಗದ್ದೆ. ಅದೇ ಕಟ್ಟಳೆ. ಅದಕ್ಕೇ ದಿನಾ ಬೈತಿದ್ದೆ ಅವರನ್ನ."

ಸಣ್ಣೀರಮ್ಮನಿಗೆ ಒಂದು ಉಪಾಯ ಹೊಳೆಯಿತು. ಎದ್ದು ಸೆರಗು ಸಿಕ್ಕಿಸಿಕೊಂಡು ಮಸ್ತಾನಣ್ಣನ ಮನೆಗೆ ಹೋದಳು.

"ಅಣ್ಣ, ಉದ್ದಂಡರಾಯರಿಗೆ ನಾಳೆ ಸನ್ಮಾನ ಮಾಡೋಣ."

"ತಲೆ ಕೆಟ್ಟಿದೆಯಾ ತಂಗಿ? ಆ ನನ್ಮಗನಿಗೆ ಸನ್ಮಾನನಾ?"

"ಹೂಂ ಅಣ್ಣ. ತಮಟೆ ತರಿಸು, ತೆಂಗಿನಕಾಯಿ ತರಿಸು. ರಾಜರನ್ನೂ ಕರೆಸು. ಪೇಟ ಅವರೇ ಕಟ್ಟಬೇಕು." ಆಮೇಲೆ ಚಿಕ್ಕವ್ವ ಹೇಳಿದ್ದನ್ನೆಲ್ಲ ಅವನ ಕಿವಿಯಲ್ಲಿ ಹೇಳಿದಳು. ಮಸ್ತಾನಣ್ಣ ಬಿದ್ದು ಬಿದ್ದು ನಕ್ಕ.

ಬೆಳಗಾಯಿತು. ಚಿಕ್ಕವ್ವನನ್ನು ಆಟೋದ ಹಿಂದಿನ ಸೀಟಲ್ಲಿ ಮಲಗಿಸಿ, ನಾಲ್ಕು ಜನ ಸೇರಿ ಆಟೋವನ್ನು ಸಂತೆಮಾಳಕ್ಕೆ ತಳ್ಳಿ ತಂದರು. ತಮಟೆ ಬಡಿಯಿತು. ಸನ್ಮಾನ ಅಂದರೆ ರಾಜನಿಗೆ ಪಂಚಪ್ರಾಣ, ಓಡಿ ಬಂದ. ರಾಣಿಯೂ ಬಂದಳು. ತಮಟೆಯ ಸದ್ದಿಗೆ ಉದ್ದಂಡರಾಯ ಕಣ್ಣುಜ್ಜುತ್ತಾ ಕಾರಿನಿಂದ ಇಳಿದ.

"ಯಾಕ್ರಪ್ಪ ಸನ್ಮಾನ?" ಅಂದ ರಾಜ.

ಎಲ್ಲರೂ ಸಣ್ಣೀರಮ್ಮನ ಕಡೆ ನೋಡಿದರು. ಅಷ್ಟು ಜನರ ಮುಂದೆ ಅವಳು ಯಾವತ್ತೂ ಬಾಯಿ ಬಿಟ್ಟವಳಲ್ಲ. ಹಿಂದಿನಿಂದ ಚಿಕ್ಕವ್ವನ ಉಸಿರು ಗೊರ್ ಅನ್ನುವುದು ಕೇಳಿಸಿತು. ಒಂದು ಹೆಜ್ಜೆ ಮುಂದೆ ಬಂದಳು.

"ಮಹಾಸ್ವಾಮಿ, ಇವರು ಹೊತ್ತು ಹುಟ್ಟಿದಾಗಿಂದ ಮುಳುಗೋವರೆಗೆ ಈ ಕಂಬ ಬಿಟ್ಟು ಕದಲೋದಿಲ್ಲ. ತೂಬು ಕಾದವರಿಗೆ ನಿಮ್ಮ ವಂಶದವರು ಪೇಟ ಕಟ್ಟಿದ್ದಾರೆ. ಈ ಕಂಬಕ್ಕೂ ಒಬ್ಬ ನೀರಗಂಟಿ ಬೇಡವಾ?"

"ಭೇಷ್!" ಅಂದ ರಾಜ. ತಮ್ಮನಿಗೆ ಪೇಟ ಅಂತ ರಾಣಿಯೂ ಹಿಗ್ಗಿದಳು.

ಉದ್ದಂಡರಾಯ ಮೀಸೆ ತಿರುವಿದ. "ಅಂದ್ರೆ ಕಂಬ ನನ್ನ ಕೈಗೇ ಬಂತು ಅನ್ನು."

"ಹೌದು ಬುದ್ಧಿ, ನಿಮ್ಮ ಕೈಗೇ. ಕೆರೆಯ ಕಟ್ಟಳೆಯೇ ಕಂಬದ ಕಟ್ಟಳೆ. ಒಪ್ಪಿದಿರಾ?"

"ಒಪ್ಪಿದೆ."

"ಸಂಕ್ರಾಂತಿವರೆಗೂ ಒಪ್ಪಿದಿರಾ?"

"ಒಪ್ಪಿದೆ ಕಣೇ!"

"ರಾಜರ ಎದುರಿಗೆ, ಊರಿನ ಎದುರಿಗೆ ಒಪ್ಪಿದಿರಾ?"

"ಒಪ್ಪಿದೆ, ಒಪ್ಪಿದೆ! ಕಟ್ಟಿ ಭಾವ ಪೇಟ!"

ರಾಜ ಪೇಟ ಕಟ್ಟಿದ. ತೆಂಗಿನಕಾಯಿ ಒಡೆಯಿತು. ತಮಟೆ ನಿಂತಿತು.

ಸಣ್ಣೀರಮ್ಮ ಕೈ ಚಾಚಿದಳು. "ಹಾಗಾದರೆ ಗನ್ ಕೀಳಿ ಬುದ್ಧಿ. ಊರಿನ ಗದ್ದೆಯೆಲ್ಲ ನೆಂದ ಮೇಲೆ ನೀರಗಂಟಿ ಗದ್ದೆ. ಊರಿನ ಗಾಡಿಯೆಲ್ಲ ತುಂಬಿದ ಮೇಲೆ ನಿಮ್ಮ ಗಾಡಿ."

ಉದ್ದಂಡರಾಯನ ಮುಖ ಬದನೆಕಾಯಿ ಆಯಿತು. "ಏನಂದೆ? ನಿನ್ನ ಆಟೋಗೆ ಬೆಂಕಿ ಇಟ್ಟುಬಿಡ್ತೀನಿ!"

ಅವಳು ಕದಲಲಿಲ್ಲ. "ಇಡಿ. ಹೊಗೆ ಏಳುತ್ತೆ, ರಾಜರು ಕೆಮ್ಮುತ್ತಾರೆ."

ಹೊಗೆ ಅಂದ ಮಾತಿಗೇ ರಾಜನಿಗೆ ಕೆಮ್ಮು ಹತ್ತಿಕೊಂಡಿತು. ಉದ್ದಂಡರಾಯ ಅಕ್ಕನ ಕಡೆ ನೋಡಿದ. ರಾಣಿ ರಾಜನ ಕಡೆ ನೋಡಿದಳು. ರಾಜ ತಾನೇ ಕಟ್ಟಿದ ಪೇಟ ನೋಡಿದ. ಬಿಚ್ಚಿದರೆ ತನ್ನ ವಂಶದ ಮಾನವೇ ಹೋಗುತ್ತದೆ. ಆಕಾಶ ನೋಡುತ್ತಾ, "ಕಟ್ಟಳೆ ಅಂದ್ರೆ ಕಟ್ಟಳೆ ಉದ್ದಂಡ" ಅಂದ.

"ಎಳೆದು ಹಾಕ್ರೋ ಆ ಹುಡುಗೀನ ಅಲ್ಲಿಂದ!" ಅಂತ ಉದ್ದಂಡರಾಯ ತನ್ನ ಆಳುಗಳಿಗೆ ಕೂಗಿದ.

ಸಣ್ಣೀರಮ್ಮ ಕಾರಿನ ಪಕ್ಕದಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಮಸ್ತಾನಣ್ಣ ಬಂದು ಪಕ್ಕ ಕೂತ. ಹಾಲಿನವರು ಕೂತರು, ಹೂವಿನವರು ಕೂತರು, ಸಂತೆಗೆ ಸಂತೆಯೇ ಕೂತಿತು. ಆಳುಗಳು ನೋಡುವಷ್ಟು ನೋಡಿ, ತಾವೂ ಒಂದು ಬದಿಗೆ ಕೂತರು. "ಗನ್ ಕೀಳಿ! ಗನ್ ಕೀಳಿ!" ಅನ್ನುವ ಕೂಗಿಗೆ ಮರದ ಕಾಗೆಗಳೆಲ್ಲ ಹಾರಿಹೋದವು.

ಉದ್ದಂಡರಾಯ ಬೀಗ ತೆಗೆದ. ಗನ್ ಕಿತ್ತ.

ಚಪ್ಪಲಿಯ ಸಾಲಲ್ಲಿ ಮಸ್ತಾನಣ್ಣನದು ಮುಂದಿತ್ತು. ಅವನು ಅದನ್ನು ಕಾಲಲ್ಲಿ ಹಿಂದಕ್ಕೆ ನೂಕಿದ. ಉಳಿದವರೂ ನೂಕಿದರು. ಸಣ್ಣೀರಮ್ಮನ ಚಪ್ಪಲಿ ತಾನಾಗಿಯೇ ಮುಂದೆ ಬಂತು. ಉದ್ದಂಡರಾಯ ಹಲ್ಲು ಕಡಿಯುತ್ತಾ ತನ್ನ ಕೈಯಾರೆ ಆಟೋಗೆ ಗನ್ ಚುಚ್ಚಿದ. ಎಂಬತ್ತಾಗುತ್ತಲೇ ಅವಳು ಎದ್ದು ನಿಂತಳು.

"ಕೀಳಿ ಬುದ್ಧಿ. ಗುಡ್ಡ ಹತ್ತಿ ಇಳಿಯೋಕೆ ಇಷ್ಟು ಸಾಕು. ಹಿಂದಿನವರಿಗೆ ಕೊಡಿ."

ಆಟೋ ಗುಡ್ಡ ಹತ್ತಿತು. ಸಂಜೆಗೆ ಚಿಕ್ಕವ್ವನ ಬಾವು ಇಳಿದು, "ಸಣ್ಣೀರಿ, ಆ ಪೇಟದವನ ಮುಖ ಸರಿಯಾಗಿ ನೋಡೋಕೇ ಆಗಲಿಲ್ಲವಲ್ಲೇ" ಅಂತ ಗೊಣಗುವಷ್ಟು ಜೀವ ಬಂತು.

ಉದ್ದಂಡರಾಯ ಸಂಕ್ರಾಂತಿವರೆಗೂ ಹೊಂಗೆಮರದ ಕೆಳಗೆ ನಿಂತು, ಬಂದವರಿಗೆಲ್ಲ ಗನ್ ಚುಚ್ಚಿದ, ಎಂಬತ್ತಕ್ಕೆ ಕಿತ್ತ. ಊರೆಲ್ಲ ತುಂಬಿಸಿಕೊಂಡು ಹೋದ ಮೇಲೆ ತನ್ನ ಕಾರಿಗೆ ಚುಚ್ಚಿದ.

ಆದ್ದರಿಂದ ಮಕ್ಕಳೇ, ಎಲ್ಲರಿಗೂ ಸೇರಿದ ಕಂಬದಲ್ಲಿ ಬೇಕಾದಷ್ಟು ತುಂಬಿಸಿಕೊಂಡು ಜಾಗ ಬಿಡಬೇಕು. ಉಂಡವನು ಎಲೆ ಬಿಟ್ಟು ಏಳದಿದ್ದರೆ, ಅವನು ಯಾರ ಭಾವಮೈದುನನೇ ಆಗಿರಲಿ, ಪಂಕ್ತಿಗೆ ಕಾದವರೇ ಹೋಗಿ ಏಳಿಸಬೇಕು.